ಗಾಳಿ ಹುಡುಕಿದರೆ ಗೂಳಿ ಸಿಗುವ ಯಂತ್ರ

ಪಣಜಿಯಿಂದ ಫೋಂಡಾ ಕಡೆ ಹೊರಟು ಬಾಣಸ್ತಾರಿ ಸೇತುವೆ ದಾಟಿದರೆ ಕುಂಡಯಿ ದೂರವಿಲ್ಲ. ಆ ಊರಿಗೆ ನವದುರ್ಗೆಯ ಗುಡಿ ಒಂದು ಗುರುತು, ಕೈಗಾರಿಕಾ ವಸಾಹತು ಇನ್ನೊಂದು. ಇದೇ ಹೆದ್ದಾರಿ ಮುಂದೆ ಅನಮೋಡ ಘಾಟು ಹತ್ತಿ ಖಾನಾಪುರ, ಬೆಳಗಾವಿ ಮುಟ್ಟುತ್ತದೆ. ಗೋವಾದ ಕಾರ್ಖಾನೆಗಳಿಗೆ ಉತ್ತರ ಕರ್ನಾಟಕದ ಕೈಗಳು ಬಂದದ್ದೂ ಹೆಚ್ಚಾಗಿ ಈ ದಾರಿಯಲ್ಲೇ. ಹೀಗಾಗಿ ಇಲ್ಲಿನ ಶೆಡ್ಡುಗಳಲ್ಲಿ ಕೊಂಕಣಿ, ಮರಾಠಿ, ಹಿಂದಿ, ಕನ್ನಡ ಎಲ್ಲವೂ ಕಿವಿಗೆ ಬೀಳುತ್ತವೆ. ಆದರೆ ಗಾಳಿ ಒತ್ತಿ ತುಂಬುವ ಕಂಪ್ರೆಸರ್‌ನ ಕೈಪಿಡಿ ಮಾತ್ರ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಅದೂ ಆಫೀಸಿನ ಕಪಾಟಿನಲ್ಲಿ. ಕಾರ್ಖಾನೆಯ ಸೂಚನಾ ಫಲಕಗಳು ಇಂಗ್ಲಿಷಿನ ಜೊತೆಗೆ ಬಹುಪಾಲು ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 108ನೇ ಕಲಂ ಹೇಳಿತ್ತು. ಕೈಪಿಡಿಯ ವಿಷಯಕ್ಕೆ ಅದು ಬಾಯಿ ಹಾಕಲಿಲ್ಲ.

ಆ ಕೈಪಿಡಿಯನ್ನು ನಾಲ್ಕು ಭಾಷೆಯ ಜಾಲತಾಣವಾಗಿ ಮಾಡಬೇಕು ಎಂದಿಟ್ಟುಕೊಳ್ಳೋಣ. ದುಡ್ಡು ಕೊಡದೆ ಸಿಗುವ, ಒಳಗನ್ನೆಲ್ಲ ಬಿಚ್ಚಿ ನೋಡಬಹುದಾದ ಸಾಧನವೊಂದಿದೆ. ಹೆಸರು ಸ್ಫಿಂಕ್ಸ್. ಜರ್ಮನಿಯ ಗೇಯಾರ್ಗ್ ಬ್ರಾಂಡ್ಲ್ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ದಸ್ತಾವೇಜಿಗೆಂದು ಕಟ್ಟಿದ ಇದು 2008ರಲ್ಲಿ ಹೊರಬಂತು. ಅಲ್ಲಿಯವರೆಗೆ ಆ ದಸ್ತಾವೇಜು ಅಚ್ಚುಜೋಡಣೆಯ ಸಾಧನವಾದ ಲೇಟೆಕ್‌ನಲ್ಲಿತ್ತು. ಅದೇ ವರ್ಷ ಹೊರಬಂದ ಪೈಥಾನ್ 2.6ರ ದಸ್ತಾವೇಜು ಹೊಸ ವೇಷದಲ್ಲಿ ಬಂತು. 2016ರಲ್ಲಿ ಲಿನಕ್ಸ್ ಕರ್ನೆಲ್‌ನವರೂ ತಮ್ಮ ದಸ್ತಾವೇಜಿಗೆ ಇದನ್ನೇ ಹಿಡಿದರು.

ಬರೆಯುವವನ ಕೆಲಸ ಸರಳ. ಯಾವ ಎಡಿಟರ್‌ನಲ್ಲಾದರೂ ಬರಿಯ ಪಠ್ಯ ಬರೆಯುವುದು, ತಲೆಬರಹದ ಕೆಳಗೆ ಗೆರೆ ಎಳೆಯುವುದು, ಪಟ್ಟಿಯ ಮುಂದೆ ನಕ್ಷತ್ರ ಇಡುವುದು. ಸ್ಫಿಂಕ್ಸ್ ಅದನ್ನು ಓದಿ ನೇರವಾಗಿ ಪುಟ ಮಾಡುವುದಿಲ್ಲ. ಮೊದಲು ಒಂದು ಮರ ಮಾಡಿಕೊಳ್ಳುತ್ತದೆ. ಅಧ್ಯಾಯ ಕಾಂಡ, ವಿಭಾಗ ಕೊಂಬೆ, ಪ್ಯಾರಾ ರೆಂಬೆ. ಈ ಮರದಿಂದ ಬೇಕಾದರೆ ಜಾಲಪುಟ ಬರೆಸಬಹುದು, ಬೇಕಾದರೆ ಪಿಡಿಎಫ್ ಅಥವಾ ಇ-ಪುಸ್ತಕ. ಮರಗಳನ್ನು ಡಿಸ್ಕಿನಲ್ಲಿ ಉಳಿಸಿಟ್ಟುಕೊಳ್ಳುವುದರಿಂದ ಒಂದು ಫೈಲು ತಿದ್ದಿದಾಗ ಮುನ್ನೂರು ಫೈಲುಗಳನ್ನೂ ಮತ್ತೆ ಓದುವ ಗೋಳಿಲ್ಲ. 'ಸೇಫ್ಟಿ ವಾಲ್ವ್ ವಿಭಾಗ ನೋಡಿ' ಎಂದು ಬರೆದು ಆ ವಿಭಾಗವನ್ನೇ ಅಳಿಸಿದ್ದರೆ ಯಂತ್ರ ಎಚ್ಚರಿಸುತ್ತದೆ. ಎಚ್ಚರಿಕೆಯನ್ನು ತಪ್ಪೆಂದೇ ಎಣಿಸು ಎಂದು ಆಜ್ಞೆ ಕೊಟ್ಟರೆ ಇಡೀ ಕಟ್ಟುವಿಕೆಯೇ ಕೆಟ್ಟಿತೆಂದು ಸಾರುತ್ತದೆ. ವರ್ಡ್ ಫೈಲಿನಲ್ಲಿ ಕೈಪಿಡಿ ಕಾಪಾಡಿಕೊಂಡು ಬಂದವರಿಗೆ ಇದರ ಬೆಲೆ ಗೊತ್ತು.

ಅನುವಾದದ ವ್ಯವಸ್ಥೆ ನನಗೆ ಇನ್ನೂ ಹೆಚ್ಚು ಹಿಡಿಸುತ್ತದೆ. ಮೂಲದ ಒಂದೊಂದು ಪ್ಯಾರಾವನ್ನೂ ಬೇರ್ಪಡಿಸಿ, ಪಕ್ಕದಲ್ಲಿ ಖಾಲಿ ಜಾಗವಿರುವ ಫೈಲು ತಯಾರಾಗುತ್ತದೆ. ಆ ಜಾಗದಲ್ಲಿ ಕನ್ನಡ ತುಂಬಬೇಕು. ಮುಂದೆ ಯಾರೋ ಇಂಗ್ಲಿಷ್ ಮೂಲದಲ್ಲಿ ಒತ್ತಡದ ಮಿತಿಯ ಅಂಕಿ ಬದಲಿಸಿದರು ಎನ್ನಿ. ಅನುವಾದದ ಫೈಲುಗಳನ್ನು ಹೊಸ ಮೂಲದೊಂದಿಗೆ ತಾಳೆ ನೋಡುವಾಗ ಆ ಪ್ಯಾರಾದ ಕನ್ನಡಕ್ಕೆ 'ಅನುಮಾನ' ಎಂಬ ಗುರುತು ಬೀಳುತ್ತದೆ. ತಿದ್ದುವವರೆಗೆ ಪುಟದಲ್ಲಿ ಹೊಸ ಇಂಗ್ಲಿಷ್ ಪ್ಯಾರಾ ಕಾಣುತ್ತದೆ. ಕನ್ನಡ ಪುಟದ ನಡುವೆ ಇಂಗ್ಲಿಷ್ ತುಂಡು ಚೆನ್ನಾಗಿ ಕಾಣುವುದಿಲ್ಲ, ನಿಜ. ಆದರೆ ಗಾಳಿ ತುಂಬಿದ ಟ್ಯಾಂಕಿನ ಮುಂದೆ ನಿಂತವನಿಗೆ ಹಳೆಯ ಅಂಕಿಯ ಸೊಗಸಾದ ಕನ್ನಡಕ್ಕಿಂತ ಅದೇ ವಾಸಿ.

ಇಷ್ಟರವರೆಗೆ ಎಲ್ಲ ಸರಾಗ. ತೊಡಕು ಶುರುವಾಗುವುದು ಹುಡುಕುವ ಪೆಟ್ಟಿಗೆಯಲ್ಲಿ.

ಇಂಥ ತಾಣಕ್ಕೆ ಹಿಂದೆ ಡೇಟಾಬೇಸ್ ಇರುವುದಿಲ್ಲ. ಕಟ್ಟುವಾಗಲೇ ಯಾವ ಪದ ಯಾವ ಪುಟದಲ್ಲಿದೆ ಎಂಬ ಸೂಚಿ ತಯಾರಿಸಿ ಪುಟಗಳ ಜೊತೆಗೇ ಇಡುತ್ತಾರೆ. ಓದುಗನ ಬ್ರೌಸರ್ ಅದರಲ್ಲಿ ಹುಡುಕುತ್ತದೆ. ಸೂಚಿ ಮಾಡಲು ಮೊದಲು ಪಠ್ಯವನ್ನು ಪದಗಳಾಗಿ ಒಡೆಯಬೇಕು. ಸ್ಫಿಂಕ್ಸ್ ಬಳಸುವ ನಿಯಮ ಪೈಥಾನ್‌ನ ಹಳೆಯ ಸಲಕರಣೆಯದು: ಅಕ್ಷರ, ಅಂಕಿ, ಅಡಿಗೆರೆ ಒತ್ತಾಗಿ ಬಂದಷ್ಟೂ ಒಂದು ಪದ, ಬೇರೇನು ಬಂದರೂ ಅಲ್ಲಿಗೆ ಪದ ಮುಗಿಯಿತು. ಲಿಪಿಗಳನ್ನು ಕಂಪ್ಯೂಟರಿಗೆ ತಿಳಿಸುವ ಜಾಗತಿಕ ಮಾನಕವಾದ ಯೂನಿಕೋಡ್‌ನಲ್ಲಿ ನಮ್ಮ 'ಕ', 'ಗ', 'ಳ' ಅಕ್ಷರಗಳ ವರ್ಗದಲ್ಲಿವೆ. ಇಳಿ, ಗುಡಿಸು, ಕೊಂಬು, ಏತ್ವ, ಸೊನ್ನೆ, ಅರ್ಧಾಕ್ಷರದ ಚಿಹ್ನೆ ಇವೆಲ್ಲ ಬೇರೆ ವರ್ಗ, 'ಗುರುತು'ಗಳು. ಪೈಥಾನ್‌ನ ಜರಡಿ ಗುರುತುಗಳನ್ನು ಅಕ್ಷರವೆಂದು ಒಪ್ಪುವುದಿಲ್ಲ.

ಪರಿಣಾಮ ನೋಡಿ. 'ಗಾಳಿ' ಎಂಬುದು ಒಂಟಿ 'ಗ', ಒಂಟಿ 'ಳ' ಆಗಿ ಒಡೆಯುತ್ತದೆ. 'ಗೂಳಿ'ಯ ಗತಿಯೂ ಅದೇ. 'ಗೋಳು' ಕೂಡ. ಬ್ರೌಸರ್‌ನಲ್ಲಿ ಹುಡುಕುವ ತುದಿಯೂ ಪದವನ್ನು ಹೀಗೇ ಒಡೆಯುವುದರಿಂದ ಹುಡುಕಾಟ ನಿಲ್ಲುವುದಿಲ್ಲ. ಗಾಳಿ ಕೇಳಿದವನಿಗೆ ಗಾಳಿಯ ಪುಟ ಸಿಗುತ್ತದೆ. ಜೊತೆಗೆ ಎಲ್ಲೋ ಒಂದು ತುಂಡು 'ಗ', ಇನ್ನೆಲ್ಲೋ ಒಂದು ತುಂಡು 'ಳ' ಇರುವ ಪುಟಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ. ಪೂರ್ತಿ ಕೆಟ್ಟಿದ್ದರೆ ಯಾರಾದರೂ ದೂರುತ್ತಿದ್ದರು. ಅರ್ಧ ಕೆಲಸ ಮಾಡುವುದರಿಂದಲೇ ಇದು ಕಣ್ಣಿಗೆ ಬೀಳದೆ ಉಳಿಯುತ್ತದೆ.

ದೂರು ಬರಲೇ ಇಲ್ಲ ಎಂದಲ್ಲ. ಪೈಥಾನ್‌ನ ಈ ನಿಯಮ ಯೂನಿಕೋಡ್‌ನ ಶಿಫಾರಸಿಗೆ ವಿರುದ್ಧ ಎಂದು ಪ್ರೋಗ್ರಾಮರ್ ಟಾಮ್ ಕ್ರಿಸ್ಚಿಯನ್‌ಸನ್ 2011ರಲ್ಲೇ ಎತ್ತಿ ತೋರಿಸಿದ್ದರು. ಶಿಫಾರಸು ಸ್ಪಷ್ಟ: ಗುರುತುಗಳೂ ಪದದ ಭಾಗವೇ. ಮಾರ್ಕ್‌ಡೌನ್ ಎಂಬ ಸರಳ ಬರಹಕ್ರಮ ಬಳಸುವ ಎಂಕೆಡಾಕ್ಸ್ ಎಂಬ ಇನ್ನೊಂದು ಸಾಧನದಲ್ಲೂ ಇದೇ ಜರಡಿಯ ನೆರಳಿದೆ. ಅಲ್ಲಿ ಕನ್ನಡ ತಲೆಬರಹಗಳಿಗೆ ತಾನಾಗಿ ಸಿಗುವ ಕೊಂಡಿಯ ಹೆಸರು ಅಡಿಗೆರೆ ಮತ್ತು ಒಂದು ಅಂಕಿ, ಅಷ್ಟೇ. ನಡುವೆ ಹೊಸ ವಿಭಾಗ ಸೇರಿಸಿದರೆ ಕೆಳಗಿನ ಅಂಕಿಗಳೆಲ್ಲ ಜರುಗಿ ಹಳೆಯ ಕೊಂಡಿಗಳು ದಾರಿ ತಪ್ಪುತ್ತವೆ. ಇದಕ್ಕೆ ಮದ್ದೆಂದು ಯೂನಿಕೋಡ್ ಆಯ್ಕೆಯನ್ನು ಚಾಲೂ ಮಾಡಿದರೆ 'ಕುಂಡಯಿ' ಹೋಗಿ 'ಕಡಯ' ಆಗುತ್ತದೆ.

ಇನ್ನೊಂದು ಕೊರತೆ ವಿಭಕ್ತಿಯದು. ಇಂಗ್ಲಿಷ್ ಪದಗಳ ಬಾಲ ಕತ್ತರಿಸಿ ಮೂಲರೂಪಕ್ಕೆ ತರುವ ಕೆಲಸವನ್ನು ಸ್ಫಿಂಕ್ಸ್ ಸ್ನೋಬಾಲ್ ಎಂಬ ಗ್ರಂಥಾಲಯಕ್ಕೆ ಒಪ್ಪಿಸಿದೆ. ಅದರ 2021ರ ಆವೃತ್ತಿಯಲ್ಲಿ ಹಿಂದಿ, ತಮಿಳು, ನೇಪಾಳಿ ಇವೆ, ಕನ್ನಡವಿಲ್ಲ. ವಾಲ್ವಿನಲ್ಲಿ, ವಾಲ್ವಿಗೆ, ವಾಲ್ವನ್ನು ಮೂರೂ ಒಂದೇ ಎಂದು ಈ ಯಂತ್ರಕ್ಕೆ ಹೇಳುವವರಿಲ್ಲ.

ಹಾಗೆಂದು ಕನ್ನಡದ ಹುಡುಕಾಟವೇ ಅಸಾಧ್ಯವೇನಲ್ಲ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕಟ್ಟಿದ 'ಅಲರ್' ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ ಮುಕ್ತವಾಗಿ ಜಾಲಕ್ಕೆ ಬಂತು. ಒಂದೂವರೆ ಲಕ್ಷದಷ್ಟು ಪದಗಳು. ಅದನ್ನು ಜಾಲಕ್ಕೆ ತಂದ ಕೈಲಾಶ್ ನಾಧ್, ಕನ್ನಡ ಪದವನ್ನು ಉಚ್ಚಾರಣೆಯ ಆಧಾರದ ಮೇಲೆ ಸಂಕೇತವಾಗಿಸುವ 'ಕೆಎನ್‌ಫೋನ್' ಎಂಬ ಕ್ರಮವಿಧಿಯನ್ನೂ ಬರೆದು ಮುಕ್ತವಾಗಿ ಬಿಟ್ಟಿದ್ದಾರೆ. ಪದವೊಂದಕ್ಕೆ ಮೂರು ಸಂಕೇತ: ಒಂದು ಸಡಿಲ, ಒಂದು ಬಿಗಿ, ಒಂದು ನಡುವಿನದು. ಕಾಗುಣಿತ ಸ್ವಲ್ಪ ಜಾರಿದರೂ ಪದ ಸಿಕ್ಕುತ್ತದೆ. ಸ್ಫಿಂಕ್ಸ್‌ಗೆ ಹೊಸ ಭಾಷೆಯ ಹುಡುಕಾಟ ಜೋಡಿಸಲು ಬೇಕಾಗುವುದು ಪದ ಒಡೆಯುವ ಒಂದು ಕ್ರಮ, ಬಾಲ ಕತ್ತರಿಸುವ ಇನ್ನೊಂದು ಕ್ರಮ, ಮತ್ತು ಇದೇ ಒಡೆತ ಬ್ರೌಸರ್‌ನ ತುದಿಯಲ್ಲೂ ನಡೆಯುವಂತೆ ನಾಲ್ಕಾರು ಸಾಲು. ಜಪಾನಿ ಮತ್ತು ಚೀನಿಯವರು ತಮ್ಮದನ್ನು ಆಗಲೇ ಸೇರಿಸಿಕೊಂಡಿದ್ದಾರೆ. ಅವರ ಬರಹದಲ್ಲಿ ಪದಗಳ ನಡುವೆ ಜಾಗವೇ ಇರುವುದಿಲ್ಲ. ಅವರ ಲೆಕ್ಕ ನಮ್ಮದಕ್ಕಿಂತ ಕಷ್ಟದ್ದು.

ಅಲ್ಲಿಯವರೆಗೆ ಕುಂಡಯಿಯ ಕಂಪ್ರೆಸರ್‌ಗೆ ಕನ್ನಡ ಕೈಪಿಡಿ ಮಾಡುವವರು ಪ್ರತಿ ವಿಭಾಗಕ್ಕೂ ಇಂಗ್ಲಿಷ್ ಅಕ್ಷರದಲ್ಲಿ ಒಂದು ಗುರುತುಪಟ್ಟಿಯನ್ನು ಕೈಯಾರೆ ಬರೆಯುವುದು ಒಳ್ಳೆಯದು. ತಲೆಬರಹ ಬದಲಾದರೂ ಕೊಂಡಿ ಅಲುಗುವುದಿಲ್ಲ. ಹುಡುಕುವ ಪೆಟ್ಟಿಗೆಯನ್ನು ನಂಬದೆ, ಏರ್ ಫಿಲ್ಟರ್, ಬೆಲ್ಟ್, ಡ್ರೈನ್ ವಾಲ್ವ್ ಎಂದು ಭಾಗಗಳ ಪಟ್ಟಿಯನ್ನು ಮೊದಲ ಪುಟದಲ್ಲೇ ಹಾಕಲಿ. ತಗಡಿನ ಶೆಡ್ಡಿನೊಳಗೆ ಮೊಬೈಲ್ ಸಿಗ್ನಲ್ ಬರದಿದ್ದರೂ ಚಿಂತೆಯಿಲ್ಲ: ಸ್ಫಿಂಕ್ಸ್ ಕಟ್ಟಿದ ಫೋಲ್ಡರನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ಮೂಲೆಯ ಹಳೆಯ ಕಂಪ್ಯೂಟರಿಗೆ ಹಾಕಿದರೆ ಸಾಕು, ಇಂಟರ್ನೆಟ್ ಇಲ್ಲದೆಯೂ ಪುಟಗಳು ತೆರೆಯುತ್ತವೆ, ಹುಡುಕಾಟವೂ ನಡೆಯುತ್ತದೆ, ಗೂಳಿ ಸಮೇತ.