ಕುಲುಮೆಯಲ್ಲಿ ಹುಟ್ಟಿದ ಕುರುಂದ

ಒಂದೇ ರಾಸಾಯನಿಕ ಸೂತ್ರವುಳ್ಳ ಎರಡು ಬಿಳಿಯ ಪುಡಿಗಳನ್ನು ಎದುರಿಗಿಟ್ಟು, ಇವೆರಡೂ ಅಲ್ಯುಮಿನಿಯಮ್ಮಿನ ಆಕ್ಸೈಡೇ, ಎರಡು ಲೋಹಪರಮಾಣುಗಳಿಗೆ ಮೂರು ಆಮ್ಲಜನಕ ಪರಮಾಣುಗಳೆಂಬ ಲೆಕ್ಕ ಎರಡರಲ್ಲಿಯೂ ತಪ್ಪಿಲ್ಲವೆಂದು ರಸಾಯನಜ್ಞನು ಪ್ರಮಾಣಮಾಡಿ ಹೇಳಿದರೂ, ಅವುಗಳಲ್ಲೊಂದು ಉಕ್ಕನ್ನು ಉಜ್ಜಿ ನಯಗೊಳಿಸುವಷ್ಟು ಕಠಿನವಾಗಿಯೂ, ಇನ್ನೊಂದು ಸೂಕ್ಷ್ಮರಂಧ್ರಗಳಿಂದ ತುಂಬಿ ಪೆಟ್ರೋಲಿಯಂ ಶುದ್ಧೀಕರಣದ ಕ್ರಿಯಾವರ್ಧಕಗಳಿಗೆ ಆಸರೆಯಾಗಲು ತಕ್ಕುದಾಗಿಯೂ ಇರುವುದುಂಟು. ಮೊದಲನೆಯದು ಆಲ್ಫಾ ರೂಪ, ಅಂದರೆ ಕುರುಂದ. ಎರಡನೆಯದು ಗಾಮಾ ರೂಪ. ಭೇದವಿರುವುದು ಪರಮಾಣುಗಳ ಜೋಡಣೆಯಲ್ಲಿ. ಆ ಜೋಡಣೆಯನ್ನು ಬಹುಮಟ್ಟಿಗೆ ನಿರ್ಣಯಿಸುವುದು ವಸ್ತುವನ್ನು ಸಿದ್ಧಪಡಿಸಿದ ಕ್ರಮ.

ಬೋಹ್ಮೈಟ್ ಎಂಬ ಖನಿಜವನ್ನು ಮೆಲ್ಲಗೆ ಕಾಯಿಸಿದರೆ ಸುಮಾರು 500 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅದರ ನೀರು ಕಳೆದು ಗಾಮಾ ರೂಪ ದೊರೆಯುತ್ತದೆ. ಅದು ಕುರುಂದವಾಗಬೇಕಾದರೆ 1100 ಡಿಗ್ರಿಯನ್ನೂ ಮೀರಿದ ಕಾವಿನಲ್ಲಿ ಗಂಟೆಗಟ್ಟಲೆ ಬೇಯಬೇಕು. ಹಾಗೆ ಬೇಯುವಾಗ ಕಣಗಳು ಒಂದಕ್ಕೊಂದು ಬೆಸೆದು ದಪ್ಪನಾಗಿ, ನ್ಯಾನೋ ಎಂಬ ವಿಶೇಷಣವೇ ಅದಕ್ಕೆ ಸಲ್ಲದಂತಾಗುತ್ತದೆ. ಕುರುಂದವೂ ಆಗಬೇಕು, ಕಣವೂ ಸಣ್ಣದಿರಬೇಕು ಎನ್ನುವವರಿಗೆ ಇದೊಂದು ಧರ್ಮಸಂಕಟ.

ಈ ಸಂಕಟಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಸಿ. ಪಾಟೀಲರೂ ಜೆ. ಜೆ. ಕಿಂಗ್ಸ್ಲಿಯವರೂ 1988ರಲ್ಲಿ ಪ್ರಕಟಿಸಿದ ಪರಿಹಾರವು ಆಶ್ಚರ್ಯಕರವಾಗಿ ಸರಳವಾದುದು. ಅಲ್ಯುಮಿನಿಯಮ್ ನೈಟ್ರೇಟನ್ನೂ ಯೂರಿಯವನ್ನೂ ತಕ್ಕ ಪ್ರಮಾಣದಲ್ಲಿ ತುಸು ನೀರಿನಲ್ಲಿ ಕರಗಿಸಿ, ಮೊದಲೇ 500 ಡಿಗ್ರಿಗೆ ಕಾದಿರುವ ಕುಲುಮೆಯೊಳಗಿಟ್ಟರೆ, ದ್ರಾವಣವು ಕುದಿದು, ಗಟ್ಟಿಯಾಗುತ್ತ ಬಂದು, ಹಾಲು ಉಕ್ಕುವಂತೆ ನೊರೆನೊರೆಯಾಗಿ ಮೇಲೇರಿ, ಥಟ್ಟನೆ ಹೊತ್ತಿಕೊಳ್ಳುತ್ತದೆ. ಇಲ್ಲಿ ಯೂರಿಯವೇ ಇಂಧನ, ನೈಟ್ರೇಟು ಅದನ್ನು ಉರಿಸುವ ಉತ್ಕರ್ಷಕ. ಜ್ವಾಲೆಯ ಉಷ್ಣತೆಯು ಕುಲುಮೆಯ ಕಾವನ್ನು ಎಷ್ಟೋ ಮೀರಿ ಸಾವಿರ ಡಿಗ್ರಿಗೂ ಮೇಲಕ್ಕೆ ಜಿಗಿಯುವುದರಿಂದ ಕುರುಂದವು ನೇರವಾಗಿ ಮೂಡುತ್ತದೆ. ಆದರೆ ಜ್ವಾಲೆ ಕ್ಷಣಿಕವಾದುದರಿಂದಲೂ, ಭರದಿಂದ ಹೊರನುಗ್ಗುವ ಸಾರಜನಕ, ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಶಾಖವನ್ನು ಹೊತ್ತೊಯ್ಯುವುದರಿಂದಲೂ ಕಣಗಳಿಗೆ ಬೆಳೆಯಲು ಅವಕಾಶವೇ ಸಿಕ್ಕದು. 5 ನಿಮಿಷ ತುಂಬುವ ಮೊದಲೇ ಪಾತ್ರೆಯಲ್ಲಿ ಹಗುರವಾದ ಬಿಳಿಯ ನೊರೆಗಟ್ಟು ಉಳಿಯುತ್ತದೆ. ಕ್ರೋಮಿಯಮ್ಮಿನ ಲವಣವನ್ನು ಚಿಟಿಕೆಯಷ್ಟು ಬೆರೆಸಿದ್ದರೆ ಮಾಣಿಕ್ಯದ ನಸುಗೆಂಪು ಪುಡಿ! ಹೊಲಕ್ಕೆ ಎರಚುವ ಯೂರಿಯದಿಂದ, ದುಬಾರಿ ಉಪಕರಣಗಳ ಹಂಗಿಲ್ಲದೆ ಇದು ಸಾಧ್ಯವಾಯಿತೆಂಬುದು ನಮ್ಮಂಥ ದೇಶಕ್ಕೆ ಸಣ್ಣ ಮಾತಲ್ಲ.

ಇಂಧನವನ್ನು ಬದಲಿಸಿದರೆ ಜ್ವಾಲೆಯ ಕಾವೂ ಅನಿಲದ ಪ್ರಮಾಣವೂ ಬದಲಾಗಿ, ಕಣದ ಸ್ವಭಾವವೇ ಬೇರೆಯಾಗುತ್ತದೆ. ಅದೇ ಸಂಸ್ಥೆಯಲ್ಲಿ ಎಂ. ಎಸ್. ಹೆಗಡೆ, ಗಿರಿಧರ್ ಮದ್ರಾಸ್ ಮತ್ತು ಸಂಗಡಿಗರು ಗ್ಲೈಸಿನ್ನನ್ನು ಇಂಧನವಾಗಿಟ್ಟು ಪಡೆದ ಟೈಟಾನಿಯಮ್ ಡೈಆಕ್ಸೈಡಿನ ಸ್ಫಟಿಕಗಳು ಸುಮಾರು 10 ನ್ಯಾನೋಮೀಟರಿನಷ್ಟು ಕಿರಿದಾಗಿ, ನೀರಿನಲ್ಲಿ ಬೆರೆತ ಬಣ್ಣಗಳನ್ನು ಬೆಳಕಿನಲ್ಲಿ ಒಡೆಯುವುದರಲ್ಲಿ ಪೇಟೆಯಲ್ಲಿ ದೊರೆಯುವ ಪ್ರಸಿದ್ಧ ಪುಡಿಯನ್ನು ಹಿಂದೆ ಹಾಕಿದುವೆಂದು 2003ರಲ್ಲಿ ವರದಿಯಾಯಿತು.

ಆದರೆ ಬೆಂಕಿಯ ಆತುರಕ್ಕೆ ಆಕಾರದ ಪರಿವೆ ಇಲ್ಲ. ಸತುವಿನ ಆಕ್ಸೈಡಿನ ನೀಳವಾದ ಷಟ್ಕೋನದ ಕಡ್ಡಿಗಳು ಬೇಕೆಂದರೆ ಸತುವಿನ ಲವಣವನ್ನು ಹೆಕ್ಸಮೀನ್ ಬೆರೆಸಿದ ನೀರಿನಲ್ಲಿ ಸುಮಾರು 90 ಡಿಗ್ರಿಯ ಕಾವಿನಲ್ಲಿ ಗಂಟೆಗಟ್ಟಲೆ ಇಟ್ಟು ಕಾಯಬೇಕು. ಆ ಕೆಲಸಕ್ಕೆ ದಹನವಿಧಾನ ಒದಗದು.