ಬೆಣ್ಣೆಯ ಮೇಲೊಂದು ಕಪ್ಪು ಗೆರೆ

ಜುಲೈ ತಿಂಗಳ ಮೆಲ್ಬರ್ನ್. ಗಂಟೆ ಏಳಾದರೂ ಅಡುಗೆಮನೆಯ ಕಿಟಕಿಯಾಚೆ ಸರಿಯಾಗಿ ಬೆಳಕು ಹರಿದಿಲ್ಲ. ಕೆಟಲ್ ಗೊರಗುಟ್ಟುತ್ತಿದೆ, ಟೋಸ್ಟರಿನ ತಂತಿಗಳು ಕೆಂಪೇರಿವೆ. ಪಕ್ಕದಲ್ಲಿ ಕುಳ್ಳಗಿನ ಗಾಜಿನ ಸೀಸೆ: ಹಳದಿ ಮುಚ್ಚಳ, ಹಳದಿ ಲೇಬಲ್, ಅದರ ಮೇಲೆ ಕೆಂಪು ಚೌಕಟ್ಟಿನೊಳಗೆ ‘ವೆಜಿಮೈಟ್’ ಎಂಬ ಹೆಸರು. ಮುಚ್ಚಳ ತಿರುವಿದರೆ ಮೊದಲು ಉಪ್ಪಿನ ಘಾಟು, ಹಿಂದೆಯೇ ಮಾಲ್ಟ್, ಕೊನೆಗೆ ಬಿಯರ್ ಪೀಪಾಯಿಯನ್ನು ನೆನಪಿಸುವ ಒಂದು ಹುಳಿ ವಾಸನೆ. ಬಣ್ಣವೋ, ಕೀಲೆಣ್ಣೆಗಪ್ಪು. ನೋಡಿದ ಕೂಡಲೇ ಬಾಯಲ್ಲಿ ನೀರೂರಿಸುವ ವಸ್ತುವಲ್ಲ ಬಿಡಿ.

ಟೋಸ್ಟ್ ಟಪ್ಪೆಂದು ಮೇಲೆದ್ದೊಡನೆ ಬೆಣ್ಣೆ ಬೀಳಬೇಕು. ಜಿಪುಣತನ ಕೂಡದು, ಅಂಚಿನವರೆಗೂ ಬಳಿಯಬೇಕು. ಅರ್ಧ ಬೆಣ್ಣೆ ಕರಗಿ ಬ್ರೆಡ್ಡಿನ ರಂಧ್ರಗಳಿಗೆ ಇಳಿಯುತ್ತದೆ, ಉಳಿದರ್ಧ ಮೇಲೆ ಹಳದಿ ಹಳದಿಯಾಗಿ ನಿಲ್ಲುತ್ತದೆ. ಆಮೇಲೆ ಚಾಕುವಿನ ತುದಿಗೆ ಕಡಲೆಕಾಳಿನಷ್ಟು ವೆಜಿಮೈಟ್. ಒಂದು ಮೂಲೆಯಲ್ಲಿಟ್ಟು ಚಾಕುವನ್ನು ಓರೆಯಾಗಿ ಎಳೆದರೆ ಕಪ್ಪು ಗೆರೆ ಮೂಡಿ, ತೆಳುವಾಗಿ, ಕಂದುಬಣ್ಣಕ್ಕೆ ತಿರುಗಿ, ಬೆಣ್ಣೆಯೊಳಗೆ ಅಲ್ಲಲ್ಲಿ ಹರಿದುಹೋಗುತ್ತದೆ. ಹಾಗೆ ಹರಿಯಬೇಕು. ಟೋಸ್ಟ್ ಪೂರ್ತಿ ಕಪ್ಪಾದರೆ ಕೆಟ್ಟಂತೆ.

ಹೊಸಬರು ಎಡವುವುದು ಇಲ್ಲೇ. ಚಾಕೊಲೇಟ್ ಸ್ಪ್ರೆಡ್ ಎಂದು ಭಾವಿಸಿ ಚಮಚದಲ್ಲಿ ತೋಡಿ ಮೆತ್ತುತ್ತಾರೆ, ಕಚ್ಚುತ್ತಾರೆ, ಮುಖ ಕಿವುಚಿ ನೀರಿಗೆ ಓಡುತ್ತಾರೆ. ಇದು ಜಾಮಿನ ಜಾತಿಯದಲ್ಲ, ಉಪ್ಪಿನಕಾಯಿ ಜಾತಿಯದು. 100 ಗ್ರಾಮಿನಲ್ಲಿ ಸುಮಾರು 8 ಗ್ರಾಂ ಉಪ್ಪೇ ಇದೆ. ಅಳತೆ ತಿಳಿದು ಸವರಿದರೆ ಬೆಣ್ಣೆಯ ಜಿಡ್ಡು ಉಪ್ಪಿನ ಕಡುವನ್ನು ಮುರಿದು, ನಾಲಗೆಯ ಹಿಂಬದಿಯಲ್ಲಿ ಮಾಂಸದ ಸಾರಿನಂಥ ಗಾಢ ರುಚಿ ಉಳಿಯುತ್ತದೆ. ಸಸ್ಯಾಹಾರಿಗಳಿಗೆ ಅನುಮಾನ ಬರುವುದು ಸಹಜ. ಆದರೆ ಆ ರುಚಿ ಯೀಸ್ಟಿನ ಗ್ಲುಟಮೇಟಿನದು, ಮಾಂಸದ ಸೋಂಕಿಲ್ಲ.

ಬ್ರೂವರಿಯವರಿಗೆ ಬೇಡವಾದ ಮಡ್ಡಿಯೇ ಇದರ ಮೂಲ. ಮೊದಲ ಮಹಾಯುದ್ಧ ಇಂಗ್ಲೆಂಡಿನ ಯೀಸ್ಟ್ ಲೇಪ ಮಾರ್ಮೈಟಿನ ಸರಬರಾಜನ್ನು ಕೆಡಿಸಿದಾಗ, ಅಂಥದ್ದೇ ಒಂದನ್ನು ಇಲ್ಲೇ ಮಾಡೋಣವೆಂದು ಮೆಲ್ಬರ್ನಿನ ವ್ಯಾಪಾರಿ ಫ್ರೆಡ್ ವಾಕರ್ ಹೊರಟರು. ಅವರ ರಸಾಯನಶಾಸ್ತ್ರಜ್ಞ ಸಿರಿಲ್ ಕ್ಯಾಲಿಸ್ಟರ್ ಬಿಯರ್ ತಯಾರಿಕೆಯಲ್ಲಿ ಉಳಿದ ಯೀಸ್ಟನ್ನು ತರಿಸಿ ಕೆಲಸಕ್ಕಿಳಿದರು. ತಂತ್ರ ವಿಚಿತ್ರ: ಯೀಸ್ಟ್ ಜೀವಕೋಶಗಳು ತಮ್ಮದೇ ಕಿಣ್ವಗಳಿಂದ ತಮ್ಮನ್ನೇ ಜೀರ್ಣಿಸಿಕೊಳ್ಳುವಂತೆ ಮಾಡಿ, ಸಿಪ್ಪೆ ಸೋಸಿ, ಉಳಿದ ರಸವನ್ನು ಗಟ್ಟಿಯಾಗುವವರೆಗೆ ಬತ್ತಿಸುವುದು. ಉಪ್ಪು, ಸೆಲರಿ, ಈರುಳ್ಳಿಯ ಸಾರ ಸೇರಿ 1923ರಲ್ಲಿ ಸೀಸೆ ಅಂಗಡಿಗೆ ಬಂತು. ಕೊಳ್ಳುವವರು ಕಡಿಮೆ. 1928ರಲ್ಲಿ ‘ಪಾರ್ವಿಲ್’ ಎಂದು ಹೆಸರು ಬದಲಿಸಿದರೂ ಗಿಟ್ಟಲಿಲ್ಲ. 1935ರಲ್ಲಿ ಹಳೆಯ ಹೆಸರೇ ಮರಳಿತು.

ಅದರ ಹಿರಿಯಣ್ಣ ಮಾರ್ಮೈಟಿಗಂತೂ ನಮ್ಮ ದೇಶದ ಋಣವಿದೆ. 1928ರಲ್ಲಿ ಬಾಂಬೆಗೆ ಬಂದ ಇಂಗ್ಲಿಷ್ ವೈದ್ಯೆ ಲೂಸಿ ವಿಲ್ಸ್, ಜವಳಿ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಬಸುರಿಯರ ತೀವ್ರ ರಕ್ತಹೀನತೆಯ ಕಾರಣ ಹುಡುಕುತ್ತಿದ್ದರು. ಮಾರ್ಮೈಟ್ ತಿನ್ನಿಸಿದರೆ ರಕ್ತ ಸುಧಾರಿಸುತ್ತದೆಂದು ಕಂಡು 1931ರಲ್ಲಿ ಪ್ರಕಟಿಸಿದರು. ಅದರೊಳಗಿದ್ದ ಆ ‘ಏನೋ ಒಂದು’ ಮುಂದೆ ಫೋಲೇಟ್ ಎಂದು ತಿಳಿಯಿತು. ಇಂದು ಗರ್ಭಿಣಿಯರಿಗೆ ಕೊಡುವ ಫೋಲಿಕ್ ಆಮ್ಲದ ಮಾತ್ರೆಯ ಹಿಂದೆ ಈ ಕರಿ ಲೇಹವೂ ಇದೆ.

ಮತ್ತೆ ವೆಜಿಮೈಟಿಗೆ ಬಂದರೆ, ಆಸ್ಟ್ರೇಲಿಯದ ಎಷ್ಟೋ ಮಕ್ಕಳಿಗೆ ಟೋಸ್ಟಿಗಿಂತ ವೀಟಾ-ವೀಟ್ ಬಿಸ್ಕತ್ತೇ ಇಷ್ಟ. ಮೈತುಂಬ ತೂತುಗಳಿರುವ ಆ ಗೋಧಿ ಬಿಸ್ಕತ್ತುಗಳೆರಡರ ನಡುವೆ ಬೆಣ್ಣೆ, ವೆಜಿಮೈಟ್ ಹಚ್ಚಿ ಅದುಮಿದರೆ ತೂತುತೂತಿನಿಂದ ಹಳದಿ-ಕಪ್ಪು ಹುಳಗಳು ಸುರುಳಿ ಸುರುಳಿಯಾಗಿ ಹೊರಬರುತ್ತವೆ. ಅವನ್ನು ನೆಕ್ಕಿದ ಮೇಲೇ ಕಚ್ಚುವುದು. ಬೆಣ್ಣೆ ಮಾತ್ರ ಮೆತ್ತಗಿರಬೇಕು. ಫ್ರಿಜ್ಜಿನಿಂದ ತೆಗೆದದ್ದಾದರೆ ಹುಳ ಬರುವ ಮೊದಲು ಬಿಸ್ಕತ್ತೇ ಮುರಿಯುತ್ತದೆ.