ಸೂರ್ಯ ಮುಳುಗದ ನಾಡಿನಲ್ಲಿ ಮಗ್ರಿಬ್ ಯಾವಾಗ?

ಬೇಸಿಗೆಯ ಒಂದು ಸಂಜೆ. ಮಚ್ಛೆಯ ನಮ್ಮ ಓಣಿಯಲ್ಲಿ ಕರೆಂಟ್ ಹೋಗಿತ್ತು. ಹೆಂಗಸರೆಲ್ಲ ಕಟ್ಟೆಯ ಮೇಲೆ ಕುಳಿತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದೆವು. ಹಿರಿಯರು 'ಬಡವರ ಮಹಾಬಳೇಶ್ವರ' ಎನ್ನುತ್ತಿದ್ದ ಬೆಳಗಾವಿ ಇದು. ಇಲ್ಲಿಯೂ ಈಗ ಏಪ್ರಿಲ್ ಬಂದರೆ ಫ್ಯಾನ್ ಇಲ್ಲದೆ ನಿದ್ರೆ ಹತ್ತುವುದಿಲ್ಲ.

ಬೆಂಗಳೂರಿನ ಕಂಪೆನಿಯೊಂದರಲ್ಲಿ ದುಡಿಯುವ ಪಕ್ಕದ ಮನೆಯ ಹುಡುಗ ರಜೆಯಲ್ಲಿ ಊರಿಗೆ ಬಂದಿದ್ದ. ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಕಪ್ಪು ಆಕಾಶ, ಅದರಲ್ಲಿ ತೂಗುವ ಹಸಿರು ಬೆಳಕಿನ ಪರದೆ, ಕೆಳಗೆ ಹಿಮ. "ಅಮ್ಮಿ, ಮುಂದಿನ ಜೂನ್‌ನ್ಯಾಗ ನಾವು ನಾರ್ವೆಗೆ ಹೊಂಟೀವಿ. ಅಲ್ಲಿ ಆಗ ಸೂರ್ಯ ಮುಳುಗೂದ ಇಲ್ಲ" ಎಂದ.

ಖಾಲಾ ಚಿತ್ರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: "ಹಂಗಾದ್ರ ಅಲ್ಲಿ ಮಗ್ರಿಬ್ ಯಾವಾಗ?"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಖಾನಾಪುರ, ಬೆಳಗಾವಿ ಬಿಟ್ಟು ಹೆಚ್ಚೇನೂ ನೋಡದ ಆ ತಾಯಿಯ ಪ್ರಶ್ನೆಯನ್ನು 1100 ವರ್ಷಗಳ ಹಿಂದೆ ಬಗ್ದಾದಿನ ವಿದ್ವಾಂಸರೊಬ್ಬರೂ ಕೇಳಿದ್ದರು.

ನಿದ್ರೆ ಬಿಟ್ಟ ಮುಅಝ್ಝಿನ್

ಕ್ರಿ.ಶ. 921ರಲ್ಲಿ ಅಬ್ಬಾಸಿ ಖಲೀಫ ಅಲ್ ಮುಕ್ತದಿರ್ ವೋಲ್ಗಾ ನದಿ ತೀರದ ಬುಲ್ಗಾರ್ ರಾಜನ ಬಳಿಗೆ ಒಂದು ನಿಯೋಗ ಕಳುಹಿಸಿದರು. ಇಂದಿನ ರಷ್ಯಾದ ತಾತಾರಿಸ್ತಾನ್ ಪ್ರದೇಶವದು. ನಿಯೋಗದಲ್ಲಿದ್ದ ಇಬ್ನ್ ಫದ್ಲಾನ್ 922ರ ಬೇಸಿಗೆಯಲ್ಲಿ ಅಲ್ಲಿಗೆ ತಲುಪಿ, ಕಂಡದ್ದನ್ನೆಲ್ಲ ಬರೆದಿಟ್ಟರು. ಒಂದು ರಾತ್ರಿ ಅವರು ಡೇರೆಯಲ್ಲಿ ಬಗ್ದಾದಿನ ದರ್ಜಿಯೊಬ್ಬನ ಜೊತೆ ಮಾತನಾಡುತ್ತಾ ಇಶಾದ ಅದಾನಿಗಾಗಿ ಕಾಯುತ್ತಿದ್ದರು. ಅದಾನ್ ಕೇಳಿ ಹೊರಬಂದರೆ ಬೆಳಗಾಗುತ್ತಿತ್ತು! ಅದು ಫಜ್ರ್‌ನ ಅದಾನ್. ಇಶಾ ಎಲ್ಲಿ ಹೋಯಿತು ಎಂದು ಕೇಳಿದಾಗ, ಅದನ್ನು ಮಗ್ರಿಬ್ ಜೊತೆಗೇ ನಿರ್ವಹಿಸುತ್ತೇವೆ ಎಂಬ ಉತ್ತರ ಬಂತು. ಫಜ್ರ್ ತಪ್ಪೀತೆಂಬ ಭಯದಿಂದ ಆ ಮುಅಝ್ಝಿನ್ ಒಂದು ತಿಂಗಳಿಂದ ರಾತ್ರಿ ಮಲಗಿರಲಿಲ್ಲವಂತೆ.

ಅದೇ ನಾಡಿನಲ್ಲಿ ಇಬ್ನ್ ಫದ್ಲಾನರು ಆಕಾಶವೆಲ್ಲ ಕೆಂಪಾಗಿ, ಅದರಲ್ಲಿ ಕುದುರೆ ಸವಾರರ ಸೈನ್ಯಗಳು ಕಾದಾಡುವಂತೆ ಕಂಡು ಭಯಪಟ್ಟು ಪ್ರಾರ್ಥಿಸಿದರು. ಊರವರು ಮಾತ್ರ ಇವರ ಭಯ ಕಂಡು ನಕ್ಕರು. ಅವರು ನೋಡಿದ್ದು ಉತ್ತರದ ಬೆಳಕನ್ನೇ ಎಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ನೆರೆಮನೆಯ ಹುಡುಗನ ಮೊಬೈಲಿನಲ್ಲಿದ್ದುದೂ ಅದೇ ಬೆಳಕು.

14ನೇ ಶತಮಾನದ ಇಬ್ನ್ ಬತೂತಾರನ್ನು ನಾವು ನಮ್ಮವರೆಂದೇ ಹೇಳಬಹುದು. ಅವರು ನಮ್ಮ ಹೊನ್ನಾವರಕ್ಕೆ ಬಂದು, ಅಲ್ಲಿ ಹುಡುಗಿಯರಿಗಾಗಿ 13 ಹಾಗೂ ಹುಡುಗರಿಗಾಗಿ 23 ಶಾಲೆಗಳನ್ನು ಕಂಡೆನೆಂದೂ, ಅಲ್ಲಿನ ಸ್ತ್ರೀಯರು ಕುರ್‌ಆನ್ ಕಂಠಪಾಠ ಮಾಡಿದ್ದರೆಂದೂ ದಾಖಲಿಸಿದವರು. ಬುಲ್ಗಾರಿಗೆ ರಮಝಾನಿನಲ್ಲಿ ಹೋಗಿದ್ದೆನೆಂದೂ, ಇಫ್ತಾರ್ ಮುಗಿಯುವ ಮುನ್ನವೇ ಇಶಾ ಅದಾನ್ ಆಗಿ, ತರಾವೀಹ್ ಮುಗಿಸುವಷ್ಟರಲ್ಲಿ ಬೆಳಗಾಯಿತೆಂದೂ ಅವರ ಪ್ರವಾಸ ಕಥನ ಹೇಳುತ್ತದೆ. (ಅವರು ನಿಜಕ್ಕೂ ಅಷ್ಟು ದೂರ ಹೋಗಿದ್ದರೇ ಎಂದು ಕೆಲವು ಇತಿಹಾಸಕಾರರಿಗೆ ಸಂಶಯವಿದೆ.) ಅಲ್ಲಿಂದ ಇನ್ನೂ 40 ದಿನಗಳ ಹಾದಿಯಲ್ಲಿ, ನಾಯಿಗಳೆಳೆಯುವ ಗಾಡಿಯಲ್ಲಿ ಮಾತ್ರ ತಲುಪಬಹುದಾದ 'ಕತ್ತಲೆಯ ನಾಡು' ನೋಡುವ ಆಸೆ ಅವರಿಗಿತ್ತು. ಆದರೆ ತೊಂದರೆ ಬಹಳ, ಪ್ರಯೋಜನ ಸ್ವಲ್ಪ ಎಂದು ಲೆಕ್ಕ ಹಾಕಿ ಬಿಟ್ಟುಬಿಟ್ಟರು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಖಾಲಾಗೆ ಕೊಟ್ಟ ಉತ್ತರ

ಭೂಮಿ ತನ್ನ ಅಕ್ಷದಲ್ಲಿ ಸುಮಾರು 23.5 ಡಿಗ್ರಿ ವಾಲಿದೆ. ಆದ್ದರಿಂದ ಉತ್ತರ ಧ್ರುವದ ಸುತ್ತಲಿನ ಪ್ರದೇಶ ಬೇಸಿಗೆಯಲ್ಲಿ ಸದಾ ಸೂರ್ಯನ ಕಡೆಗೂ ಚಳಿಗಾಲದಲ್ಲಿ ವಿಮುಖವಾಗಿಯೂ ಇರುತ್ತದೆ. ನಾರ್ವೆಯ ಟ್ರೊಮ್ಸೊ ನಗರದಲ್ಲಿ ಮೇ 20ರ ಸುಮಾರಿನಿಂದ ಜುಲೈ 22ರ ಸುಮಾರಿನವರೆಗೆ ಸೂರ್ಯ ಮುಳುಗುವುದಿಲ್ಲ. ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಉದಯಿಸುವುದೂ ಇಲ್ಲ. 2015ರಲ್ಲಿ ರಮಝಾನ್ ಜೂನ್ 18ರಂದು ಆರಂಭವಾದಾಗ ಅಲ್ಲಿ ತಿಂಗಳಿಡೀ ಸೂರ್ಯಾಸ್ತವೇ ಆಗಲಿಲ್ಲ.

ಹಾಗಾದರೆ ಅಲ್ಲಿನ ಮುಸ್ಲಿಮರು ಏನು ಮಾಡುತ್ತಾರೆ? ದಜ್ಜಾಲನ ಕಾಲದಲ್ಲಿ ಒಂದು ದಿನ ಒಂದು ವರ್ಷದಷ್ಟು ದೀರ್ಘವಾದಾಗ ನಮಾಝಿನ ಗತಿಯೇನೆಂದು ಸಹಾಬಿಗಳು ಕೇಳಿದ್ದಕ್ಕೆ, ಸಮಯವನ್ನು ಅಂದಾಜು ಮಾಡಿ ನಿರ್ವಹಿಸಬೇಕೆಂದು ಪ್ರವಾದಿ(ಸ) ತಿಳಿಸಿದ್ದರು. ಇದನ್ನು ಆಧಾರವಾಗಿಟ್ಟುಕೊಂಡು ವಿದ್ವಾಂಸರು, ಹಗಲು-ರಾತ್ರಿ ಸ್ಪಷ್ಟವಾಗಿರುವ ಹತ್ತಿರದ ಊರಿನ ಸಮಯವನ್ನೋ ಮಕ್ಕಾದ ಸಮಯವನ್ನೋ ಅನುಸರಿಸಬಹುದು ಎಂದಿದ್ದಾರೆ. ಇದನ್ನು ಹೇಳಿದಾಗ ಖಾಲಾರ ಮುಖ ಹಗುರವಾಯಿತು. "ಅಲ್ಲಾಹ್ ಎಲ್ಲಾರಿಗೂ ದಾರಿ ಇಟ್ಟಾನ" ಎಂದರು.

ಯಾಕೆ ಈ ಸೆಳೆತ?

2015ರ 'ದಿಲ್‌ವಾಲೆ' ಚಿತ್ರದ ಹಾಡೊಂದನ್ನು ಐಸ್‌ಲ್ಯಾಂಡಿನಲ್ಲಿ ಚಿತ್ರೀಕರಿಸಿದಾಗ ಆ ದೇಶದ ಹಿಮನದಿ, ಕಪ್ಪು ಮರಳು ನಮ್ಮ ಮನೆಗಳ ಟಿ.ವಿ.ಗೂ ಬಂದವು. ಈಗ ಮೊಬೈಲ್ ಆ ಕೆಲಸ ಮಾಡುತ್ತಿದೆ. ಅದರ ಜೊತೆಗೆ ವರ್ಷವರ್ಷಕ್ಕೂ ಸೆಖೆ ಏರುತ್ತಿದೆ. ತಂಪು ನಾಡಿಗೆ ರಜೆ ಕಳೆಯಲು ಹೋಗುವುದಕ್ಕೆ ಪ್ರವಾಸ ಕಂಪೆನಿಗಳು 'ಕೂಲ್‌ಕೇಶನ್' ಎಂದು ಹೆಸರನ್ನೇ ಇಟ್ಟಿವೆ.

ಭೂಮಿಯಲ್ಲಿ ಸಂಚರಿಸಿ ಸೃಷ್ಟಿಯನ್ನು ನೋಡಿ ಚಿಂತಿಸಲು ಕುರ್‌ಆನ್ ಮತ್ತೆ ಮತ್ತೆ ಹೇಳುತ್ತದೆ. ಆದ್ದರಿಂದ ಈ ಆಸೆಯನ್ನು ತಪ್ಪೆನ್ನಲಾಗದು. ಆದರೆ ಹೊರಡುವ ಮುನ್ನ ಕೆಲವು ಸಂಗತಿಗಳು ಗೊತ್ತಿರಬೇಕು.

ಹುಡುಗ ತೋರಿಸಿದ ಹಸಿರು ಬೆಳಕು ಜೂನ್‌ನಲ್ಲಿ ಕಾಣುವುದೇ ಇಲ್ಲ. ಸೂರ್ಯನಿಂದ ಹೊರಟ ವಿದ್ಯುತ್ ಕಣಗಳು ಭೂಮಿಯ ಅಯಸ್ಕಾಂತ ಶಕ್ತಿಗೆ ಸಿಕ್ಕಿ, ನೂರಕ್ಕೂ ಹೆಚ್ಚು ಕಿ.ಮೀ. ಎತ್ತರದಲ್ಲಿ ಆಮ್ಲಜನಕಕ್ಕೆ ತಾಗಿದಾಗ ಆ ಬೆಳಕು ಹುಟ್ಟುತ್ತದೆ. ಅದನ್ನು ನೋಡಲು ಕತ್ತಲೆ ಬೇಕು, ಮೋಡವಿಲ್ಲದ ಆಕಾಶ ಬೇಕು. ಅಂದರೆ ಸೆಪ್ಟೆಂಬರಿನಿಂದ ಮಾರ್ಚ್‌ವರೆಗೆ ಹೋಗಬೇಕು, ಹೋದರೂ ಕಂಡೇ ಕಾಣುವುದೆಂಬ ಖಾತ್ರಿಯಿಲ್ಲ. ನಡುರಾತ್ರಿಯ ಸೂರ್ಯ, ಉತ್ತರದ ಬೆಳಕು ಎರಡೂ ಒಂದೇ ಪ್ರವಾಸದಲ್ಲಿ ಸಿಗವು. ಇನ್ನು ತಂಪು? 2025ರ ಬೇಸಿಗೆಯಲ್ಲಿ ಫಿನ್‌ಲ್ಯಾಂಡಿನಲ್ಲೇ ಸತತ 22 ದಿನ 30 ಡಿಗ್ರಿಗಿಂತ ಹೆಚ್ಚು ಸೆಖೆ ದಾಖಲಾಯಿತು.

ಖರ್ಚಿನ ಲೆಕ್ಕವನ್ನೂ ನೋಡೋಣ. ಈ ದೇಶಗಳಿಗೆ ಬೇಕಾದ ಷೆಂಗೆನ್ ವೀಸಾದ ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45 ಯೂರೋ. ವೀಸಾ ಸಿಗದಿದ್ದರೂ ಈ ಹಣ ಮರಳಿ ಬಾರದು. ಕನಿಷ್ಠ 30 ಸಾವಿರ ಯೂರೋ ಮೊತ್ತದ ವೈದ್ಯಕೀಯ ವಿಮೆ, ಬ್ಯಾಂಕ್ ಲೆಕ್ಕಪತ್ರ ಬೇಕು. ವಿಮಾನ, ವಸತಿ, ಊಟ ಸೇರಿದರೆ ಮಾತೆಲ್ಲ ಲಕ್ಷಗಳಲ್ಲೇ.

ಸಾಲದ ಹಿಮ

ಆ ಹಣ ಎಲ್ಲಿಂದ ಎಂದು ಹುಡುಗನನ್ನು ಕೇಳಿದೆ. "ಪರ್ಸನಲ್ ಲೋನ್ ಸಿಗ್ತದ ಆಪಾ, ಮೂರು ವರ್ಷ ಕಂತು" ಎಂದ. ಹೊರಟವರು ಅವನು, ಹೆಂಡತಿ, ಮಗು. ಅಮ್ಮಿಗೆ ಅಷ್ಟು ಚಳಿ ತಡೆಯದು, ಅವರು ಮನೆ ನೋಡಿಕೊಳ್ಳುತ್ತಾರೆ ಎಂಬ ತೀರ್ಮಾನವೂ ಆಗಿತ್ತು. ಅದನ್ನು ಅವರನ್ನು ಕೇಳಿ ಮಾಡಿದ್ದಲ್ಲ.

ಒಂದು ವಾರದ ಸಂತೋಷಕ್ಕೆ ಮೂರು ವರ್ಷ ಬಡ್ಡಿ ಕಟ್ಟುವುದು ಯಾವ ರಜೆ? ಬಡ್ಡಿ ನಮಗೆ ನಿಷಿದ್ಧ ಎಂಬುದು ಒಂದೆಡೆಯಿರಲಿ. ಕಂತಿನ ದಿನ ಬಂದಾಗ ಮನೆಯಲ್ಲಿ ನಡೆಯುವ ಜಗಳದಲ್ಲಿ ಆ ಹಸಿರು ಬೆಳಕು ನೆನಪಿಗೆ ಬಂದೀತೇ? ಇಬ್ನ್ ಬತೂತಾರಂಥ ಪ್ರವಾಸಿಯೇ ಲಾಭ-ತೊಂದರೆ ತೂಗಿ ನೋಡಿ ಹಿಂದಿರುಗಿದ್ದರು.

ಮರುದಿನ ಖಾಲಾರನ್ನು ಒಬ್ಬರನ್ನೇ ಕೇಳಿದೆ, "ನಿಮಗೂ ಹೋಗಬೇಕನಸ್ತದೇನು?" ರೊಟ್ಟಿ ಬಡಿಯುತ್ತಲೇ ಹೇಳಿದರು: "ನನಗ ಬರ್ಫ್ ಬ್ಯಾಡ ಆಪಾ. ಎರಡ ದಿನಾ ಯಾರರೆ ಚಾ ಮಾಡಿ ಕೈಯಾಗ ಕೊಟ್ರ ಸಾಕು."

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ನಮ್ಮ ಎಷ್ಟೋ ಮನೆಗಳಲ್ಲಿ ಭಾನುವಾರ, ಈದ್, ಬೇಸಿಗೆ ರಜೆ ಎಲ್ಲವೂ ಉಳಿದವರಿಗೆ ರಜೆ, ಒಲೆಯ ಮುಂದಿರುವವಳಿಗೆ ಹೆಚ್ಚುವರಿ ಕೆಲಸ. ಪ್ರವಾದಿ(ಸ) ಮನೆಯಲ್ಲಿದ್ದಾಗ ಮನೆಯವರ ಕೆಲಸಗಳಲ್ಲಿ ನೆರವಾಗುತ್ತಿದ್ದರು, ನಮಾಝಿನ ವೇಳೆಯಾದಾಗ ಎದ್ದು ಹೋಗುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ನಾವು ಓದುವ ಈ ಮಾತು ನಮ್ಮ ಅಡುಗೆಮನೆಗೆ ಬಂದಿದೆಯೇ?

ಕಣಕುಂಬಿಯ ಮಂಜು

ಖಾಲಾರ ಮಾತನ್ನು ಅವರ ಮಗನಿಗೆ ಇದ್ದಂತೆಯೇ ಹೇಳಿದೆ. ಅವನು ತಲೆ ತಗ್ಗಿಸಿದ. ಸಾಲದ ಅರ್ಜಿ ಹಾಕಲಿಲ್ಲ. ಉಳಿತಾಯ ಮಾಡಿಯೇ ಹೋಗುತ್ತೇನೆ ಎಂದ. ಹೋಗಲಿ, ಅಲ್ಲಾಹನು ಅವನಿಗೆ ಆ ದೃಶ್ಯ ತೋರಿಸಲಿ.

ಮಳೆಗಾಲದಲ್ಲಿ ಮತ್ತೆ ಬಂದಾಗ ಬಾಡಿಗೆ ಜೀಪು ಮಾಡಿ ಅಮ್ಮಿಯನ್ನು ಕರೆದುಕೊಂಡು ಹೊರಟ. ನನ್ನನ್ನೂ ಕರೆದರು. ಪೀರನವಾಡಿಯಲ್ಲಿ ಜಾಂಬೋಟಿ ರಸ್ತೆಗೆ ತಿರುಗಿ ಕಣಕುಂಬಿಗೆ ಹೋದೆವು. ಮಲಪ್ರಭೆ ಹುಟ್ಟುವ ಊರದು. ಅದೇ ಖಾನಾಪುರ ತಾಲೂಕಿನ ಆಮಗಾಂವ್‌ನಲ್ಲಿ 2010ರಲ್ಲಿ 10 ಸಾವಿರ ಮಿ.ಮೀ. ದಾಟಿ ಮಳೆಯಾಗಿತ್ತು. ಮಳೆಗಾಲದಲ್ಲಿ ಕಾಡಿನೊಳಗಿನ ಜಲಪಾತಗಳಿಗೆ ಅರಣ್ಯ ಇಲಾಖೆ ನಿರ್ಬಂಧ ಹೇರುವುದುಂಟು, ಅಪಾಯವೂ ಇದೆ. ನಾವು ರಸ್ತೆ ಬದಿಯಲ್ಲೇ ನಿಂತೆವು. ಹತ್ತು ಹೆಜ್ಜೆ ಆಚೆಗಿನ ಮರವೂ ಕಾಣದಷ್ಟು ಮಂಜು. ಸೂರ್ಯನ ಸುಳಿವೇ ಇಲ್ಲ.

ಮಗ ಚಹಾ ತಂದು ತಾಯಿಯ ಕೈಗೆ ಕೊಟ್ಟ. ಖಾಲಾ ಎರಡೂ ಕೈಯಲ್ಲಿ ಲೋಟ ಹಿಡಿದು ಕುಳಿತು ಆಕಾಶ ನೋಡಿದರು. "ಇಲ್ಲೂ ಸೂರ್ಯ ಕಾಣೂದಿಲ್ಲಲ್ಲ. ಅಸರ್ ಆತೇನು, ಗಡಿಯಾರ ನೋಡಪಾ" ಎಂದರು. ಈ ಸಲ ನಕ್ಕವರಲ್ಲಿ ಅವರೇ ಮೊದಲಿಗರು.

ಸಹೋದರಿಯರೇ, ಶಕ್ತಿಯಿದ್ದವರು ಉತ್ತರದ ನಾಡುಗಳನ್ನೂ ನೋಡಿ ಬರಲಿ. ಸಾಲವಿಲ್ಲದೆ, ಸರಿಯಾದ ತಿಂಗಳು ತಿಳಿದುಕೊಂಡು ಹೋಗಲಿ. ಆದರೆ ಮನೆಯಲ್ಲಿ ರಜೆಯ ಮಾತು ಎದ್ದಾಗ ಮೊದಲು ಒಂದು ಪ್ರಶ್ನೆ ಕೇಳಿ: ಈ ರಜೆಯಲ್ಲಿ ಅಮ್ಮನಿಗೆ ಬಿಡುವು ಇದೆಯೇ? ಇಲ್ಲವೆಂದಾದರೆ ಟಿಕೆಟ್ ಕೊಳ್ಳುವ ಮುನ್ನ ಅದನ್ನು ಸರಿಪಡಿಸಿ. ಅದಕ್ಕೆ ವೀಸಾ ಬೇಕಾಗಿಲ್ಲ.